ಒಂದು ಗಂಟೆ ಹಿಂದೆ

ತಾರ್ತು ಊರಿನ ಮನೋರೋಗದಾಸ್ಪತ್ರೆ, ನೆಲಮಾಳಿಗೆ.
ತೊಂಬತ್ತೇಳರ ಮಾರ್ಚಿ. ಹೊರಗೆ ಎಮಾಯೊಗಿ ನದಿ
ಹೆಪ್ಪು ಒಡೆದುಕೊಳ್ಳುವ ಸದ್ದು.
ಒಳಗೆ ಹೆಲ್ಯೊ ಕಂಗುರ್,
ಉಣ್ಣೆ ಕಾಲುಚೀಲದ ಮೇಲೆ ಇನ್ನೊಂದು ಕಾಲುಚೀಲ,
ಹಳೆಯ ರೋಗಗಳನ್ನು ಹೊಸ ರೋಗಗಳಾಗಿ
ಬದಲಿಸುತ್ತ ಕೂತಿದ್ದಾಳೆ.

ಸುಲಭದ ಕೆಲಸ ಅಂದಿದ್ದರು.
ಕಡತ ತೆಗೆ, ಹೆಸರು ನೋಡು,
ಹೊಸ ಪುಸ್ತಕದಲ್ಲಿ ಅದರ ಮನೆ ಹುಡುಕು,
ಒಂದು ಅಕ್ಷರ, ಮೂರು ಅಂಕಿ, ಕಂಪ್ಯೂಟರಿಗೆ ಹಾಕು.
ದೇಶ ಬದಲಾದರೆ ನೋಟು ಬದಲಾಗುತ್ತದೆ,
ಬೀದಿಯ ಹೆಸರು ಬದಲಾಗುತ್ತದೆ,
ಹುಚ್ಚು ಯಾಕೆ ಬದಲಾಗಬಾರದು?

ಲೈನೆ ಸೊಸಾರ್.
ಬಿಸಿನೀರಿನ ಕೊಳವೆಯೊಳಗಿಂದ ಸತ್ತ ಮಗಳು ಕರೆಯುತ್ತಾಳೆಂದು
ಹತ್ತೊಂಬತ್ತು ದಿನ ರೊಟ್ಟಿ ಮುಟ್ಟದೆ
ಕಿವಿಯಾನಿಸಿ ಕೂತವಳು. ಕೆನ್ನೆಯಲ್ಲಿ ಸುಟ್ಟ ಗುರುತು.
ಅವಳಿಗೆ ಪುಸ್ತಕದಲ್ಲಿ ಜಾಗವಿತ್ತು.
ಜಾಗ ಸಿಕ್ಕಿದ್ದರಿಂದ ಮಾತ್ರೆ ಸಿಕ್ಕಿತು,
ಗುರುವಾರ ಗುರುವಾರ ಎದುರು ಕೂತು ಕೇಳುವ ಒಬ್ಬಳು ಸಿಕ್ಕಳು.
ಈಗ ಮಾರುಕಟ್ಟೆಯಲ್ಲಿ ಟುಲಿಪ್ ಮಾರುತ್ತಾಳೆ,
ಚಿಲ್ಲರೆ ಸರಿಯಾಗಿ ಎಣಿಸುತ್ತಾಳೆ.
ಮಗಳು ಈಗಲೂ ಕರೆಯುತ್ತಾಳಂತೆ, ಒಮ್ಮೊಮ್ಮೆ, ಮೆಲ್ಲಗೆ;
ಕೇಳಿಸಿಕೊಂಡು ಹೂವಿಗೆ ನೀರು ಚಿಮುಕಿಸುತ್ತಾಳೆ.
ಹೆಸರಿಡುವುದೆಲ್ಲ ಕೇಡಲ್ಲ, ಹೆಲ್ಯೊಗೆ ಗೊತ್ತು.

ಆಮೇಲೆ ಆಗೊ ಪಿಹ್ಲಕ್. ಗಡಿಯಾರ ರಿಪೇರಿಯವನು.
ಎಪ್ಪತ್ನಾಲ್ಕರಲ್ಲಿ ದಾಖಲು.
ಅಂಗಡಿಗೆ ಬಂದ ಪ್ರತಿ ಗಡಿಯಾರವನ್ನೂ
ಒಂದು ಗಂಟೆ ಹಿಂದಿಟ್ಟು ಮರಳಿಸುತ್ತಿದ್ದ.
ಮಾಸ್ಕೋದ ಹೊತ್ತು ನಮ್ಮ ಹೊತ್ತಲ್ಲ,
ನಮ್ಮ ನೆತ್ತಿಗೆ ಸೂರ್ಯ ಬರುವುದು ತಡ, ಎಂದು
ನಗರಸಭೆಗೆ ನಲವತ್ತೊಂದು ಪತ್ರ.
ನೇರಳೆ ಶಾಯಿಯಲ್ಲಿ ವೈದ್ಯರ ಷರಾ:
ನಿಧಾನಗತಿಯ ಚಿತ್ತವಿಕಲತೆ. ಹೊರಗೆ ಏನೂ ಕಾಣದು;
ಕಾಣದಿರುವುದೇ ಲಕ್ಷಣ.
ಏಳು ತಿಂಗಳು. ಸೂಜಿ.
ನಾಲಿಗೆ ದಪ್ಪವಾಗಿ ತನ್ನ ಹೆಸರೇ ಹೊರಡದ ದಿನಗಳು.
ಕೂದಲೆಳೆಯ ಸ್ಪ್ರಿಂಗು ಹಿಡಿಯುತ್ತಿದ್ದ ಕೈ
ಚಮಚ ಹಿಡಿಯಲಾರದೆ ನಡುಗಿತು.

ಎಂಬತ್ತೊಂಬತ್ತರಲ್ಲಿ ಸರಕಾರವೇ
ಮಾಸ್ಕೋದ ಹೊತ್ತನ್ನು ಬಿಟ್ಟುಕೊಟ್ಟಿತು.
ಒಂದೇ ರಾತ್ರಿ, ಇಡೀ ಊರಿಗೆ ಆಗೊನ ಕಾಯಿಲೆ.
ಯಾರಿಗೂ ಸೂಜಿ ಚುಚ್ಚಲಿಲ್ಲ.

(ನನ್ನ ಭಾಷೆಯಲ್ಲಿ ಇದು ಒಂದಕ್ಷರದ ಕೆಲಸ.
ಸಹಜದ ಮುಂದೆ ಒಂದು ಅ ಕೂತರೆ ಮುಗಿಯಿತು.
ಮರಳಿನಲ್ಲಿ ಮಕ್ಕಳು ಮೊದಲು ತಿದ್ದುವ ಅಕ್ಷರ,
ತಿದ್ದಿ ತಿದ್ದಿ ಬೆರಳು ಉರಿಯುವ ಅಕ್ಷರ.)

ಹೆಲ್ಯೊ ಮಹಡಿ ಹತ್ತಿದಳು. ಡಾಕ್ಟರ್ ತಲ್ವಿಕ್, ಎಳೆಯ ವಯಸ್ಸು,
ಬೆರಳು ಮಡಿಸಿ ಹೇಳಿದರು:
ವಾಡಿಕೆ ಮೀರಿದ್ದೇ? ಯಾತನೆ ಇತ್ತೇ?
ಬಾಳುವೆಗೆ ಅಡ್ಡಿಯಾಯಿತೇ? ಯಾರಿಗಾದರೂ ಅಪಾಯವೇ?
ಯಾತನೆ ಇತ್ತು, ಅಂದಳು ಹೆಲ್ಯೊ. ನಾವು ಕೊಟ್ಟದ್ದು.
ಅದಕ್ಕೆ ಅಂಕಿ ಯಾವುದು?
ಡಾಕ್ಟರು ಕನ್ನಡಕ ಒರೆಸಿದರು, ತುಂಬ ಹೊತ್ತು.
ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ, ಅಂದರು.
ಅವನನ್ನೇ ಕರೆಸಿ. ಹೇಗೂ ಕಾಗದ ಕೇಳಿದ್ದಾನಲ್ಲ,
ತನಗೆ ಹುಚ್ಚಿರಲಿಲ್ಲ ಅನ್ನುವ ಕಾಗದ.

ಮಂಗಳವಾರ ಹತ್ತಕ್ಕೆ ಅಂತ ಬರೆದಿದ್ದಳು.
ಹತ್ತಾಯಿತು. ಹತ್ತೂವರೆ.
ಕಾಯುತ್ತ ಹೊಸ ಪುಸ್ತಕ ತಿರುವಿದಳು.
ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುವವರಿಗೂ
ಅಲ್ಲೊಂದು ಸಾಲಿತ್ತು. ಹಾಳೆ ಮಗುಚಿದಳು.
ಹನ್ನೊಂದಕ್ಕೆ ಸರಿಯಾಗಿ ಮುದುಕ ಬಂದ,
ಟೋಪಿ ತೆಗೆದು ಕೈಗಡಿಯಾರ ತೋರಿಸಿದ: ಹತ್ತು.

ಭಾನುವಾರ ಮುಂದಕ್ಕಿಟ್ಟರಲ್ಲ, ಬೇಸಿಗೆಯ ಹೊತ್ತು?
ಅವರು ಇಟ್ಟರು, ಅಂದ. ನಾನು ಇಡುವುದಿಲ್ಲ.
ಸೂರ್ಯನಿಗೆ ಯಾರೂ ಹೇಳಿಲ್ಲ.

ಹೆಲ್ಯೊಗೆ ನಗು ಬಂತು, ಭಯವೂ ಆಯಿತು.
ಚಳಿಗಾಲದಲ್ಲಿ ನೆಟ್ಟಗೆ, ಬೇಸಿಗೆಯಲ್ಲಿ ಓರೆ:
ಇಂಥವನಿಗೆ ಎಷ್ಟು ಅಂಕಿ?
ಕಡತ ಒಳಗಿಟ್ಟು ಕಬ್ಬಿಣದ ಬೀರು ಮುಚ್ಚಿದಳು.
ಬೀಗ ಎಳೆದಳು. ಎಳೆದಳು. ಎಳೆದಳು.
ಮೆಟ್ಟಿಲವರೆಗೆ ನಡೆದು ನಿಂತಳು,
ಕತ್ತು ಹಿಂದಕ್ಕೆ ತಿರುಗಿತು.
ಡಾಕ್ಟರು ಹನ್ನೆರಡಕ್ಕೆ ಹೊರಟುಬಿಡುತ್ತಾರೆ, ಅಂದಳು, ತಡವಾದೀತು.

ಹೋಗಿ, ಇನ್ನೊಮ್ಮೆ ನೋಡಿ ಬನ್ನಿ, ಅಂದ ಆಗೊ ಪಿಹ್ಲಕ್.
ನನ್ನ ಹತ್ತಿರ
ಇನ್ನೂ ಒಂದು ಗಂಟೆ ಉಳಿದಿದೆ.