ಉಗುರುಬಣ್ಣದ ಗೆರಿ

ವಳಸಂಗದಿಂದ ಸೊಲ್ಲಾಪುರದ ಯೂನಿಫಾರ್ಮ್ ಕಾರ್ಖಾನಿಗೆ
ಹೋಗೂದು ಹದಿನೆಂಟು ಕಿಲೋಮೀಟರ್.
ಬರೂದು, ಎದುರುಗಾಳಿ ಹಿಡದರ, ಇಪ್ಪತ್ತೈದು.

ಲಾಲೇಸಾಬನ ಅಂಗಡ್ಯಾಗ ನಾ ಮೊದಲು ಕೇಳಿದ್ದು
ಸೋಫಾದಂಥಾ ಸೀಟು.
"ಮೆತ್ತಂದು ಕೂಡೋರಿಗೆ, ತಂಗಿ.
ತುಳಿಯೋರಿಗೆ ಬಿಗಿ ಇರಬೇಕು" ಅಂದ.
ಹಳೇ ಚರ್ಮದ್ದು ಕೊಟ್ಟ,
ಯಾರದೋ ಮೈಯ ತಗ್ಗು ಇನ್ನೂ ಅದರಾಗ.
ತಿಂಗಳೊಪ್ಪತ್ತಿನಾಗ ಅದು ನನ್ನ ತಗ್ಗಾತು.

ಗೇರಿಂದು ಬ್ಯಾಡಂದೆ.
ನಡುದಾರ್ಯಾಗ ಮುನಿಸಿಕೊಂಡರ
ರಮಿಸಾಕ ನನಗ ಬರೂದಿಲ್ಲ.
ಹ್ಯಾಂಡಲ್ ಎರಡು ಬೆರಳು ಮ್ಯಾಲ:
ದಿನಾ ಮಶೀನಿಗೆ ಬಗ್ಗಿದ ಬೆನ್ನು
ಮತ್ತ ಬಗ್ಗೂದಿಲ್ಲ ಅಂತು.
ಹಿಂದಿನ ಗಾಲಿಗೆ ಗಾಳಿ ಗಟ್ಟಿ, ಮುಂದಿನದಕ್ಕ ಒಂದೀಟು ಕಮ್ಮಿ,
ಕುಂಭಾರಿ ದಾಟಿದ ಮ್ಯಾಲಿನ ತೆಗ್ಗಿನ ಸಲುವಾಗಿ.

ಸೀಟು ಮಾತ್ರ ಎತ್ತರ, ಕಾಲು ನೀಟ ಆಗೂವಷ್ಟು.
ನಿಂತರ ನೆಲಕ್ಕ ತುದಿಬೆರಳಷ್ಟ.
"ಬಿದ್ದರ?"
"ನಿಲ್ಲಾಕೇನು ಸೈಕಲ್ ತಗೋತಾರ?"

ಆ ಎತ್ತರ ತಪ್ಪಬಾರದಂತ
ಕಂಬಿ ಮ್ಯಾಲ ಕೆಂಪು ಉಗುರುಬಣ್ಣದ ಗೆರಿ ಹಾಕೀನಿ.

ವಾರದಿಂದ ನೋಡ್ತೀನಿ,
ಮುಂಜಾನೆದ್ದರ ಸೀಟು ಗೆರಿಗಿಂತ ನಾಕು ಬೆರಳು ಕೆಳಗ.
ಮಕ್ಕಳನ್ನ ಕೇಳಿದೆ, ಗಂಡನ್ನ ಬೈದೆ.
ಅತ್ತಿ ರೊಟ್ಟಿ ಬಡೀತಿದ್ದಳು, ತಲಿ ಎತ್ತಲಿಲ್ಲ.
ಸೀರಿ ಅಂಚಿಗೆ ಚೈನಿನ ಎಣ್ಣಿ,
ಮೊಣಕೈಗೆ ಹಚ್ಚಿದ ಅರಿಶಿಣ.

ನಾ ಏನೂ ಅನಲಿಲ್ಲ.
ಕೆಳಗ ಇನ್ನೊಂದು ಗೆರಿ ಎಳದೆ.
ಕತ್ತಲದಾಗ ಪಾನಾ ಹುಡುಕೂದು ಬ್ಯಾಡಂತ
ಕಟ್ಟಿ ಮ್ಯಾಲ, ಬ್ಯಾಟರಿ ಬಾಜೂಕ ಇಟ್ಟೆ.