ಬಲಕ್ಕೆ ಮೂರು ಹೆಜ್ಜೆ

ಓಕ್ ಚಿಲ್‌ಸಂಗ್ ಮತ್ತೆ ಬಂದ.
ತೊಂಗ್‌ಯೊಂಗ್ ದೋಣಿಕಟ್ಟೆಯಲ್ಲಿ ಚೀಟಿ ಹರಿದು ಕೊಡುವ ಕೈ,
ಅದರಲ್ಲಿ ನಾನು ಕಟ್ಟಿದ ಬಿಲ್ಲು,
ಜ್ವರದ ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿ.
"ಬಲಕ್ಕೆ ಹೋಗುತ್ತವೆ," ಅಂದ. "ಐದಕ್ಕೆ ಐದೂ.
ನೂರ ನಲವತ್ತೈದು ಮೀಟರು ನೆಟ್ಟಗೆ ಹಾರಿ
ಬಲಕ್ಕೆ, ಮೂರು ಹೆಜ್ಜೆ."

ಇದು ಮೂರನೆಯ ಸಲ.
ಮೊದಲ ಸಲ ಹೆದೆ ನೋಡಿದ್ದೆ:
ಅಂಬು ಕಚ್ಚುವ ಜಾಗದ ನೂಲು ಸಡಿಲ. ಬಿಗಿದು ಕಟ್ಟಿದ್ದೆ.
ಎರಡನೆಯ ಸಲ ಅಂಬು:
ಬಿದಿರನ್ನು ಕೆಂಡದ ಮೇಲೆ ಹೊರಳಿಸಿ, ಕಣ್ಣಿಗೆ ಹಿಡಿದು
ಡೊಂಕು ತೆಗೆದೆ. ಒಂದರ ಗರಿ ಎದ್ದಿತ್ತು;
ಫೆಸೆಂಟ್ ಹಕ್ಕಿಯ ಗರಿ, ಮೀನಿನ ಗೋಂದು, ಒಂದು ರಾತ್ರಿ.
ಗರಿ ಸರಿಹೋಯಿತು. ಗುರಿ ಹೋಗಲಿಲ್ಲ.

ಇನ್ನೇನು ಉಳಿದಿದೆ? ಆಳನ್ನೇ ನೋಡಿದೆ.
"ನಿಲ್ಲು," ಅಂದೆ. "ಬಿಲ್ಲು ಆಮೇಲೆ."
ಹುಲ್ಲುಮೂಟೆಯ ಮುಂದೆ ನಿಂತ.
ನಲವತ್ತು ವರ್ಷ ಇದೇ ಕೆಲಸ ಮಾಡಿದವನಿಗೆ
ತಪ್ಪು ಹುಡುಕಲು ಬಾರದೆ?
ಎಡ ಭುಜ ಕಿವಿಗೆ ಏರಿದೆ ಅಂದೆ.
ಉಂಗುರದ ಹೆಬ್ಬೆರಳು ಬಿಡುವಾಗ ಕೊಸರುತ್ತಿದೆ,
ಕಾಯಿ ಕೀಳಬೇಡ, ಹಣ್ಣು ಉದುರಲಿ ಅಂದೆ.
ಉಸಿರು ಗಂಟಲಲ್ಲೇ ನಿಂತಿದೆ, ಹೊಟ್ಟೆಗೆ ಇಳಿಸು.
ಹೆದೆಯನ್ನು ಎಳೆಯುವುದು ತೋಳಲ್ಲ, ಎದೆ.
ಬೈದೆ ಅಂತಲೇ ಅನ್ನಿ.
ಬಾಯಿಪಾಠ ಮಾಡುವ ಹುಡುಗನ ಹಾಗೆ ತಲೆಯಾಡಿಸಿದ;
ಅರವತ್ತೊಂದು ಅವನಿಗೆ.
ದುಡ್ಡು ಬೇಡ ಅಂದೆ. ಒಣಮೀನಿನ ಪೊಟ್ಟಣ ಇಟ್ಟು ಹೋದ.

ಆಮೇಲೆ ಮಳೆ, ಗೋಂದು ಬೆವರುವ ಕಾಲ.
ಊರಿನ ಕೊಂಬಿನ ಬಿಲ್ಲುಗಳೆಲ್ಲ
ನನ್ನ ಬೆಚ್ಚನೆಯ ಪೆಟ್ಟಿಗೆಗೆ ಮಲಗಲು ಬರುತ್ತವೆ,
ಒಂದೇ ಬಲ್ಬಿನ ಶಾಖದಲ್ಲಿ
ಎಮ್ಮೆಕೊಂಬು, ನರ, ಹಿಪ್ಪುನೇರಳೆ, ಬಿದಿರು
ಜಗಳ ಬಿಟ್ಟು ಒಂದಾಗಲು.
ಅವನದೂ ಬಂತು.
ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹೊರಗೆ ತೆಗೆದೆ.
ಕಣ್ಣಿನ ಪೊರೆ ತೆಗೆಸಿ ಹನ್ನೆರಡು ದಿನವಾಗಿತ್ತು.
ಹೆದೆಯೇರಿಸಿ ತುದಿಯಿಂದ ತುದಿಗೆ ದಿಟ್ಟಿಸಿದೆ.
ಹೆದೆ ಬಿಲ್ಲಿನ ನಟ್ಟನಡುವೆ ಹಾಯಬೇಕು,
ಹೊಳೆಯ ನಡುನೀರಿನ ಹಾಗೆ.
ಹಾಯಲಿಲ್ಲ.
ಮೇಲ್ತುದಿ ಒಂದು ಅಕ್ಕಿಕಾಳಿನಷ್ಟು ತಿರುಗಿತ್ತು.
ತಿರುಗಿದ್ದಲ್ಲ, ಉಜ್ಜಿದ್ದೇ ಹಾಗೆ. ನನ್ನ ಅರ,
ನನ್ನ ಕೈ, ಆಗಿನ ನನ್ನ ಕಣ್ಣು.

ಆ ಎರಡು ವರ್ಷದಲ್ಲಿ ಎಷ್ಟು ಬಿಲ್ಲು ಕಟ್ಟಿದೆ?
ಎಣಿಸಲಿಲ್ಲ.
ಎಣಿಸಿದೆ. ಹದಿನಾಲ್ಕು.

ಒಲೆ ಹಚ್ಚಿ, ತುದಿ ಕಾಸಿ, ಮೊಣಕಾಲಲ್ಲಿ ಒತ್ತಿ,
ಅರದ ನಾಲ್ಕೇ ನಾಲ್ಕು ಎಳೆತ.
ಬೆಳಗಿಗೆ ಹೆದೆ ನಡುವೆ ಹರಿಯಿತು.
ಅವನಿಗೆ ಹೇಳಲಿಲ್ಲ. ಬಟ್ಟೆ ಸುತ್ತಿ ಕೊಟ್ಟೆ.
"ಚೆನ್ನಾಗಿ ನಿದ್ದೆ ಮಾಡಿದೆ," ಅಂದೆ, ಬಿಲ್ಲಿನ ಬಗ್ಗೆ.

ಸಂಜೆ ಬಾಗಿಲಲ್ಲಿ ನಿಂತಿದ್ದ, ಕೊಡೆ ಮಡಚದೆ.
"ಮೇಷ್ಟ್ರೇ, ನೀವು ಹೇಳಿದ್ದೆಲ್ಲ ಮಾಡಿದೆ.
ಭುಜ ಇಳಿಸಿದೆ, ಉಸಿರು ಇಳಿಸಿದೆ,
ಆದರೂ ಆಗದೆ ಕಾಲನ್ನು ಒಂದಿಷ್ಟು ಹೊರಳಿಸಿದೆ.
ಹೋದ ವಾರ ಐದಕ್ಕೆ ನಾಲ್ಕು!
ಹಲಗೆ ಟಪ್ಪೆಂದಾಗ ಗುಡ್ಡದ ಮೇಲಿನ ಮುದುಕರೆಲ್ಲ
ಇಸ್ಪೀಟು ಬಿಟ್ಟು ತಿರುಗಿ ನೋಡಿದರು.
ಇವತ್ತು ನನಗೆ ಏನಾಯಿತೋ.
ಎಡಕ್ಕೆ. ಐದಕ್ಕೆ ಐದೂ."

"ಮೂರು ಹೆಜ್ಜೆ," ಅಂದೆ.

"ನಿಮಗೆ ಹೇಗೆ ಗೊತ್ತು?"

ಒಲೆಯ ಮೇಲೆ ಗೋಂದು ಗುಳುಗುಳು ಅನ್ನುತ್ತಿತ್ತು.
ಅವನು ನಿಂತ ರೀತಿ ನೋಡಿದೆ:
ಬಾಗಿಲಲ್ಲಿ ಸುಮ್ಮನೆ ನಿಂತಾಗಲೂ
ಎಡಗಾಲು ಒಳಕ್ಕೆ, ಸೊಂಟ ತುಸು ಓರೆ.
ನನ್ನ ತಪ್ಪಿನ ಅಳತೆಗೆ
ಮೈಯನ್ನೇ ಉಜ್ಜಿಕೊಂಡಿದ್ದಾನೆ.
ಮರವಾಗಿದ್ದರೆ ಕಾಸಿ ಒತ್ತಬಹುದಿತ್ತು.

ಕೊಡೆ ಇಸಿದುಕೊಂಡೆ.
"ಒಳಗೆ ಬಾ," ಅಂದೆ. "ನಿಲ್ಲಬೇಡ.
ಕೂತುಕೋ."