ರಸೀದಿ

ಕೊಶಿತ್ಸೆಯ ಅಂಗಡಿಯಲ್ಲಿ ಒಂದು ಬ್ರೆಡ್ಡು ಕೊಂಡರೂ
ರಸೀದಿ ಎಸೆಯುವವಳಲ್ಲ ನಾನು.
ಬಾಗಿಲು ದಾಟಿ, ಬೀದಿ ದಾಟಿ, ಟ್ರಾಮ್ ಹತ್ತುವ ತನಕ
ಅಂಗೈಯಲ್ಲೇ ಇರಬೇಕು, ಬೆವರಿಗೆ ಅಕ್ಷರ ಅಳಿಸಿದರೂ.
ಅಮ್ಮ ಕಲಿಸಿದ್ದು: ಜೇಬಿಗೆ ಕೈ ಹಾಕಬೇಡ,
ಕೊಳ್ಳದ್ದನ್ನು ಮುಟ್ಟಬೇಡ,
ನಾವು ರೋಮಾ, ಮಳೆ ಬಂದರೂ ಓಡಬೇಡ.

ಸಂಜೆ ತರಗತಿಯಲ್ಲಿ ಬರ್ತೋಶೊವಾ ಮೇಡಂ
ಹಲಗೆಯ ಮೇಲೆ 'ಪೂರ್ವಗ್ರಹ' ಎಂದು ಬರೆದರು.
ಓಹೋ, ಇದಕ್ಕೂ ಒಂದು ಹೆಸರಿದೆ!
ಹಳೆಯ ಜ್ವರಕ್ಕೆ ಹೆಸರು ಸಿಕ್ಕವಳ ಹಾಗೆ ಹಗುರಾದೆ.
ಮೆದುಳು ಸೋಮಾರಿಯಂತೆ; ಮುಖ ನೋಡುವ ಬದಲು
ಗುಂಪಿನ ಚೀಟಿ ಅಂಟಿಸಿ ಮುಂದೆ ಹೋಗುತ್ತದಂತೆ.
ಬರೆದುಕೊಂಡೆ. ಚೀಸಿನ ಸಾಲಿನಿಂದ ಸೋಪಿನ ಸಾಲಿಗೆ
ಬೆನ್ನು ಬಿಡದ ಕಾವಲುಗಾರ ನೆನಪಾದ.
ಅವನ ಎಡಗಾಲ ಬೂಟು ಕಿರ್‌ಗುಟ್ಟುತ್ತಿತ್ತು.

ಮರಳುವಾಗ ಆರನೇ ನಂಬರಿನ ಟ್ರಾಮ್.
ನಮ್ಮ ಕೇರಿಯ ಕಡೆಯ ಹುಡುಗನೊಬ್ಬ ಹತ್ತಿದ,
ನನ್ನದೇ ಬಣ್ಣ, ತಮ್ಮ ಗೇಜಾನವೇ ಕಿವಿ.
ಪಕ್ಕ ಕೂತ.
ನನ್ನ ಕೈ, ನನ್ನನ್ನು ಕೇಳದೆ,
ಚೀಲದ ಝಿಪ್ ಎಳೆಯಿತು.

ಅಷ್ಟು ಸಣ್ಣ ಸದ್ದು.
ಅವನಿಗೆ ಕೇಳಿಸಿತು.
ಕಿಟಕಿಯ ಕಡೆ ತಿರುಗಿದ;
ಮುಷ್ಟಿಯ ಸಂದಿಯಲ್ಲಿ
ಬೆವರಿ ಮೆತ್ತಗಾದ ಕಾಗದದ ಒಂದು ತುದಿ.